ಕೆನ್ನೆಗಿಂತ ಮೊದಲು ಮುಂಗೈಗೆ ಹಚ್ಚಿ

ಮದುವೆ ಹಂಗಾಮು ಬಂತೆಂದರೆ ಗೋಕಾಕದ ಪೇಟೆಯಲ್ಲಿ ಬಟ್ಟೆ ಅಂಗಡಿಗಳಷ್ಟೇ ಗದ್ದಲ ಬಳೆ, ಟಿಕಳಿ, ಪೌಡರಿನ ಅಂಗಡಿಗಳಲ್ಲೂ ಇರುತ್ತದೆ. ಹುಕ್ಕೇರಿ, ಮೂಡಲಗಿ ಮತ್ತು ಸುತ್ತಲಿನ ಹಳ್ಳಿಗಳಿಂದ ಬಂದ ತಾಯಂದಿರು ಸೀರೆ ಆರಿಸುವಷ್ಟರಲ್ಲಿ ಹೆಣ್ಣುಮಕ್ಕಳು ಬಣ್ಣದ ಡಬ್ಬಿಗಳ ಗಾಜಿನ ಪೆಟ್ಟಿಗೆಯ ಮುಂದೆ ನಿಂತಿರುತ್ತಾರೆ. ಒಂದು ಕಾಲಕ್ಕೆ ಅಲ್ಲಿ ಸ್ನೋ, ಪೌಡರ್, ಕಾಡಿಗೆ, ಒಂದೆರಡು ಬಗೆಯ ಲಿಪ್‌ಸ್ಟಿಕ್ ಇದ್ದರೆ ಹೆಚ್ಚು. ಈಗ ಕೆನ್ನೆಗೆ ಹಚ್ಚುವ ಬ್ಲಶ್ ಒಂದೇ ಹತ್ತಾರು ಬಣ್ಣಗಳಲ್ಲಿ ಸಿಗುತ್ತದೆ. ಒಂದೇ ಡಬ್ಬಿಯಲ್ಲಿ ಇಪ್ಪತ್ತು ಬಣ್ಣ ತುಂಬಿ ಅಗ್ಗಕ್ಕೆ ಮಾರುವವರಿದ್ದಾರೆ. ಫೋನಿನಲ್ಲಿ ನೋಡಿ ತರಿಸಿಕೊಳ್ಳುವುದು ಬೇರೆ.

ಇಂಥದೇ ಒಂದು ಹಂಗಾಮಿನಲ್ಲಿ ತಾಯಿಯೊಬ್ಬರು ಮಗಳನ್ನು ನನ್ನ ಬಳಿ ಕರೆತಂದರು. ಮದುವೆಗೆ ಆರೇ ದಿನ ಉಳಿದಿತ್ತು. ಹುಡುಗಿಯ ಎರಡೂ ಕೆನ್ನೆ ಕೆಂಪಾಗಿ ಊದಿ, ಮೇಲೆ ಸಣ್ಣ ಸಣ್ಣ ನೀರುಗುಳ್ಳೆ ಎದ್ದಿದ್ದವು. ತುರಿಕೆಯಿಂದ ರಾತ್ರಿ ನಿದ್ದೆಯಿಲ್ಲ. ಹೊಸದಾಗಿ ಏನು ಹಚ್ಚಿದೆ ಎಂದು ಕೇಳಿದರೆ ಹುಡುಗಿಗಿಂತ ಮೊದಲು ತಾಯಿಯೇ ಹೇಳಿದರು: ‘ಹೊಸಾದು ಏನೂ ಅಲ್ರೀ ಸಾಹೇಬ್ರ. ನಿಶ್ಚಯದ ದಿನಾನೂ ಇದನ್ನ ಹಚ್ಚಿದ್ಲು. ಆವಾಗ ಏನೂ ಆಗಿದ್ದಿಲ್ರೀ.’ ನಿಶ್ಚಯವಾಗಿ ಹದಿನೈದು ದಿನ ಕಳೆದಿದ್ದವು. ಗೆಳತಿ ಕೊಟ್ಟ ಆ ಡಬ್ಬಿಯನ್ನು ಚೀಲದಿಂದ ತೆಗೆದು ತೋರಿಸಿದರು. ಮುಚ್ಚಳದ ಮೇಲೆ ಚೆಂದದ ಗುಲಾಬಿ ಚಿತ್ರ. ಕೆಳಗೆ ತಯಾರಿಸಿದವರ ಹೆಸರಿಲ್ಲ, ಊರಿಲ್ಲ, ಯಾವ ದಿನಾಂಕವೂ ಇಲ್ಲ.

ಔಷಧಿಯಿಂದ ಉರಿ ಮೂರು ದಿನದಲ್ಲಿ ಇಳಿಯಿತು, ಮದುವೆಯೂ ಆಯಿತು. ಆದರೆ ಕೆನ್ನೆಯ ಮೇಲಿನ ಕಂದುಗಪ್ಪು ಕಲೆ ಹೋಗಲು ಐದು ತಿಂಗಳು ಹಿಡಿಯಿತು. ನಮ್ಮ ಮೈಬಣ್ಣದವರ ಕಷ್ಟ ಇದು. ಬಿಳಿ ಚರ್ಮದವರಲ್ಲಿ ಉರಿಯೂತ ಇಳಿದ ಮೇಲೆ ಗುರುತು ಬೇಗ ಮಾಯವಾಗುತ್ತದೆ. ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದಲ್ಲಿ ಬಣ್ಣ ತಯಾರಿಸುವ ಕೋಶಗಳು ಸ್ವಲ್ಪ ಕೆಣಕಿದರೂ ಸಾಕು, ತಿಂಗಳುಗಟ್ಟಲೆ ಕಪ್ಪನ್ನು ಸುರಿಯುತ್ತಲೇ ಇರುತ್ತವೆ. ಡಬ್ಬಿಯಲ್ಲಿ ಉಳಿಸಿದ ನೂರು ರೂಪಾಯಿ ಆಮೇಲೆ ಮುಲಾಮಿಗೆ, ಬಸ್ಸಿಗೆ ಹೋಗುತ್ತದೆ.

ಹಾಗೆಂದು ಹುಡುಗಿಯರು ಬಣ್ಣವನ್ನೇ ಹಚ್ಚಬಾರದು ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಬೈದರೆ ಅವರು ಬಿಡುವುದಿಲ್ಲ, ಕದ್ದು ಹಚ್ಚುತ್ತಾರೆ. ಕದ್ದು ಹಚ್ಚುವವರ ಕೈಗೆ ಇನ್ನೂ ಅಗ್ಗದ ಮಾಲೇ ಸಿಗುತ್ತದೆ. ಕಡಿಮೆ ಖರ್ಚಿನಲ್ಲಿ ಹೊಸ ಬಣ್ಣ ಪ್ರಯತ್ನಿಸಲು ಸುರಕ್ಷಿತವಾದ ದಾರಿ ಇದೆ. ಅದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಬೇಕಾಗುವುದು ಒಂದೆರಡು ವಾರದ ತಾಳ್ಮೆ.

ಡಬ್ಬಿಯೊಳಗೆ ಇರುವುದೇನು?

ಕೆನ್ನೆಯ ಬಣ್ಣ ಎಂದರೆ ಬಹುಪಾಲು ನುಣ್ಣನೆಯ ಕಲ್ಲುಪುಡಿ: ಟಾಲ್ಕ್ ಮತ್ತು ಮೈಕಾ, ಅಂದರೆ ಅಭ್ರಕ. ಮಿರುಗುವುದು ಅಭ್ರಕದಿಂದ. ಪುಡಿ ಉದುರದೆ ಕೆನ್ನೆಗೆ ಹಿಡಿಯಲೆಂದು ಒಂದಿಷ್ಟು ಎಣ್ಣೆ, ಕೆಡದಿರಲೆಂದು ಸಂರಕ್ಷಕ, ಮೂಗಿಗೆ ಹಿತವಾಗಲೆಂದು ಸುವಾಸನೆ. ಕೆಂಪು, ಕಂದು, ಹಳದಿ ಛಾಯೆಗಳನ್ನು ಹೆಚ್ಚಾಗಿ ಕೊಡುವುದು ಕಬ್ಬಿಣದ ಆಕ್ಸೈಡು. ಇದು ತುಕ್ಕಿನ ಜಾತಿಯದು. ಗೋಡೆಗೆ ಬಳಿಯುವ ಕಾವಿಯ ಕೆಂಪೂ ಇದರದೇ. ಸೌಂದರ್ಯ ಸಾಧನಗಳಿಗಾಗಿ ಶುದ್ಧಗೊಳಿಸಿದ ಕಬ್ಬಿಣದ ಆಕ್ಸೈಡು ಚರ್ಮದೊಡನೆ ಜಗಳ ಮಾಡುವುದು ತೀರ ಅಪರೂಪ. ಕಣ್ಣು ಕುಕ್ಕುವ ಗುಲಾಬಿ, ರಾಣಿ ಬಣ್ಣಗಳಿಗೆ ಮಾತ್ರ ತುಕ್ಕು ಸಾಲದು. ಅಲ್ಲಿ ರಾಸಾಯನಿಕ ಬಣ್ಣಗಳು ಬೇಕು, ಇಲ್ಲವೇ ಕಾರ್ಮೈನ್ ಬೇಕು. ಕಾರ್ಮೈನ್ ಬರುವುದು ಪಾಪಾಸುಕಳ್ಳಿಯ ಮೇಲೆ ಬದುಕುವ ಒಂದು ಜಾತಿಯ ಹುಳುವಿನಿಂದ. ಶುದ್ಧ ಸಸ್ಯಾಹಾರದ ಮನೆಗಳವರಿಗೆ ಇದು ಗೊತ್ತಿರಲಿ. ಲೇಬಲ್ಲಿನ ಮೇಲೆ ಅದರ ಸಂಖ್ಯೆ ಸಿ.ಐ. 75470.

ಅಗ್ಗದ ಬಣ್ಣ ಎಷ್ಟು ಗಾಢವಾಗಿದೆಯೋ ಅಷ್ಟು ಅನುಮಾನಿಸಬೇಕು ಎಂಬುದಕ್ಕೆ ನಮ್ಮ ಈ ಭಾಗದ ಆಟದ ಕಲಾವಿದರ ಕಥೆಯೇ ಸಾಕ್ಷಿ. ಶ್ರೀಕೃಷ್ಣ ಪಾರಿಜಾತವನ್ನು ಬಯಲಿಗೆ ತಂದ ಕುಲಗೋಡ ತಮ್ಮಣ್ಣ, ಅದರಿಂದ ಮನೆಮಾತಾದ ಕೌಜಲಗಿ ನಿಂಗಮ್ಮ ಇಬ್ಬರ ಊರೂ ಈ ಸೀಮೆಯದೇ. ಉತ್ತರ ಕರ್ನಾಟಕದ ಬಯಲಾಟ, ದೊಡ್ಡಾಟಗಳಲ್ಲೂ ಕರಾವಳಿಯ ಯಕ್ಷಗಾನದಲ್ಲೂ ಹಿಂದೆ ಬಣ್ಣವೆಂದರೆ ಅರದಾಳ, ಇಂಗಳೀಕ, ಸಫೇತ, ಕಾಡಿಗೆ. ಗ್ಯಾಸ್‌ಬತ್ತಿಯ ಬೆಳಕಿನಲ್ಲಿ ದೂರದವರಿಗೂ ಮುಖ ಎದ್ದು ಕಾಣಬೇಕಲ್ಲ. ಆದರೆ ಹಳದಿಯ ಅರದಾಳ ಎಂದರೆ ಪಾಷಾಣ ಸೇರಿದ ಗಂಧಕ. ಕೆಂಪು ಇಂಗಳೀಕ ಪಾದರಸ ಸೇರಿದ ಗಂಧಕ. ಬಿಳಿಯ ಸಫೇತ ಸತುವಿನದಾದರೆ ಸರಿ, ಸೀಸದ್ದಾದರೆ ವಿಷ. ಈ ಕಲ್ಲುಬಣ್ಣಗಳು ನೀರಿನಲ್ಲಿ ಸುಲಭವಾಗಿ ಕರಗುವಂಥವಲ್ಲ ನಿಜ. ಆದರೂ ರಾತ್ರಿಯೆಲ್ಲ ಬೆವರುತ್ತ, ಹಾಡುತ್ತ, ಅದನ್ನೇ ನುಂಗುತ್ತ ಉಸಿರಾಡುತ್ತ ವರ್ಷಗಟ್ಟಲೆ ಕಳೆಯುವುದು ಒಳ್ಳೆಯದಲ್ಲ. ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಬಿಡಿಸುತ್ತಿದ್ದ ಅವರ ಪದ್ಧತಿ ಮಾತ್ರ ಇಂದಿಗೂ ಅನುಕರಿಸುವಂಥದು; ಅದಕ್ಕೆ ಮುಂದೆ ಬರುತ್ತೇನೆ.

ಈಗಿನ ಕಾನೂನು ಈ ಲೋಹಗಳನ್ನು ದೂರ ಇಡುತ್ತದೆ. 1940ರ ಔಷಧ ಮತ್ತು ಸೌಂದರ್ಯ ಸಾಧನ ಕಾಯ್ದೆಯಡಿ 2020ರಲ್ಲಿ ಬಂದ ಸೌಂದರ್ಯ ಸಾಧನ ನಿಯಮಗಳ ಪ್ರಕಾರ ಬಣ್ಣಕ್ಕಾಗಿ ಸೀಸ, ಪಾಷಾಣದ ಸಂಯುಕ್ತಗಳನ್ನು ಬಳಸುವಂತಿಲ್ಲ. ಪಾದರಸವನ್ನು ಬೇಕೆಂದೇ ಸೇರಿಸುವಂತಿಲ್ಲ. ಕಣ್ಣಿನ ಪ್ರಸಾಧನಗಳಿಗಷ್ಟೇ ಸಂರಕ್ಷಕವಾಗಿ ಅತಿ ಸ್ವಲ್ಪಕ್ಕೆ ಅವಕಾಶವಿದೆ. ಆದರೆ ಕಾಯ್ದೆ ಕಾಪಾಡುವುದು ಲೈಸೆನ್ಸ್ ಪಡೆದು ಹೆಸರು ಹಾಕಿ ಮಾಡಿದ ಮಾಲಿನಲ್ಲಿ. ಗುಲಾಬಿ ಚಿತ್ರದ ಹೆಸರಿಲ್ಲದ ಡಬ್ಬಿಯನ್ನು ಯಾರು, ಎಲ್ಲಿ, ಯಾವುದರಿಂದ ಮಾಡಿದರೆಂದು ಕೇಳುವುದು ಯಾರನ್ನು?

ಲೋಹವಿಲ್ಲದಿದ್ದರೂ ಬಣ್ಣ ತೊಂದರೆ ಕೊಡಬಹುದು. ಜಪಾನಿನಲ್ಲಿ 1960 ಮತ್ತು 70ರ ದಶಕಗಳಲ್ಲಿ ಬಹಳ ಹೆಂಗಸರ ಮುಖಕ್ಕೆ ಕಂದುಗಪ್ಪು ತಿರುಗತೊಡಗಿತು. ತುರಿಕೆ ಅಷ್ಟಾಗಿ ಇರುತ್ತಿರಲಿಲ್ಲ, ಆದ್ದರಿಂದ ಅವರು ಕಲೆ ಮುಚ್ಚಲು ಅದೇ ಪ್ರಸಾಧನವನ್ನು ಇನ್ನಷ್ಟು ಹಚ್ಚುತ್ತಿದ್ದರು. ವೈದ್ಯರು ಹುಡುಕಿದಾಗ ಸಿಕ್ಕ ಕಾರಣಗಳಲ್ಲಿ ಒಂದು ಕೆಂಪು ರಾಸಾಯನಿಕ ಬಣ್ಣ ಮತ್ತು ಅದರಲ್ಲಿ ಕಲ್ಮಶವಾಗಿ ಉಳಿದಿದ್ದ ಸುಡಾನ್ ಎಂಬ ವಸ್ತು ಮುಖ್ಯ. 1970ರ ದಶಕದ ಕೊನೆಯ ಹೊತ್ತಿಗೆ ದೊಡ್ಡ ಕಂಪನಿಗಳು ಇಂಥವನ್ನು ಕೈಬಿಟ್ಟವು, ಹೊಸ ರೋಗಿಗಳು ಬರುವುದು ಕಡಿಮೆಯಾಯಿತು. ನಮ್ಮಲ್ಲಿಯೂ ಅಗ್ಗದ ಬಣ್ಣದ ಕುಂಕುಮ ಹಚ್ಚುವ ಜಾಗದಲ್ಲಿ ಹಣೆ ಕಪ್ಪಾಗುವುದನ್ನು ಚರ್ಮವೈದ್ಯರು ಆಗಾಗ ನೋಡುತ್ತಾರೆ.

ಕುಂಕುಮದ ಮಾತು ಬಂದಿದ್ದರಿಂದ ಒಂದು ವಿಷಯ. ಬ್ಲಶ್‌ಗೆ ದುಡ್ಡು ಯಾಕೆ, ಚಿಟಿಕೆ ಕುಂಕುಮ ಸವರಿದರಾಯಿತು ಎನ್ನುವವರಿದ್ದಾರೆ. ಅರಿಸಿನಕ್ಕೆ ಸುಣ್ಣದಂಥ ಕ್ಷಾರ ಸೇರಿಸಿ ಕೆಂಪಾಗಿಸುವುದು ಕುಂಕುಮ ಮಾಡುವ ಹಳೆಯ ಕ್ರಮ. ಅದೇ ಕ್ಷಾರ ಹಣೆಯ ಒಂದು ಬೊಟ್ಟಿನಷ್ಟು ಜಾಗಕ್ಕೆ ತಡೆದರೂ ಕೆನ್ನೆಯ ತುಂಬ ಉಜ್ಜಿದರೆ ಉರಿಸಬಹುದು. ಇನ್ನು ಪೇಟೆಯ ಕುಂಕುಮದಲ್ಲಿ ಅರಿಸಿನವೇ ಇಲ್ಲದಿರಬಹುದು. ಸಿಂಧೂರ ಎಂದು ಮಾರುವುದರಲ್ಲಿ ಸೀಸ ಇದ್ದ ಉದಾಹರಣೆಗಳಿವೆ. ಕುಂಕುಮ ಹಣೆಗೇ ಇರಲಿ.

ಕೊಳ್ಳುವಾಗ

ಕಡಿಮೆ ಬೆಲೆ ಎಂದರೆ ಕೆಟ್ಟದ್ದು ಎಂದೇನೂ ಅಲ್ಲ. ದುಬಾರಿ ಮಾಲಿನಲ್ಲಿ ನೀವು ಕೊಡುವ ಹಣದ ಬಹುಭಾಗ ಹೋಗುವುದು ಡಬ್ಬಿಗೆ, ಜಾಹೀರಾತಿಗೆ. ನಮ್ಮ ದೇಶದಲ್ಲೇ ತಯಾರಾದ ಹೆಸರುಳ್ಳ ಕಂಪನಿಗಳ ಸಣ್ಣ ಬ್ಲಶ್ ಇನ್ನೂರು-ಮುನ್ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಡಬ್ಬಿ ತಿರುಗಿಸಿ ನೋಡಿ. ತಯಾರಕರ ಹೆಸರು ಮತ್ತು ವಿಳಾಸ, ತಯಾರಿಕೆಯ ಲೈಸೆನ್ಸ್ ಸಂಖ್ಯೆ, ಯಾವ ತಿಂಗಳೊಳಗೆ ಬಳಸಬೇಕೆಂಬುದು, ಒಳಗಿನ ವಸ್ತುಗಳ ಪಟ್ಟಿ, ಬೆಲೆ ಇರಬೇಕು. ಹೊರದೇಶದ್ದಾದರೆ ತರಿಸಿಕೊಂಡವರ ಹೆಸರು ಮತ್ತು ಆಮದು ನೋಂದಣಿ ಸಂಖ್ಯೆ ಇರಬೇಕು. ಪ್ರಸಿದ್ಧ ಕಂಪನಿಯ ಹೆಸರಿನಲ್ಲಿ ಒಂದಕ್ಷರ ಹೆಚ್ಚು-ಕಡಿಮೆ ಇದ್ದರೆ, ಮುದ್ರಣ ಮಸುಕಾಗಿದ್ದರೆ, ನಾಲ್ಕುನೂರರ ಮಾಲು ಎಂಬತ್ತಕ್ಕೆ ಬರುತ್ತಿದ್ದರೆ ಅದು ಡುಪ್ಲಿಕೇಟ್ ಎಂದೇ ತಿಳಿಯಿರಿ. ಅಂಗಡಿಯವರು ಪಾವತಿ ಕೊಡಲು ಹಿಂಜರಿದರೂ ಅಷ್ಟೇ.

ಇಪ್ಪತ್ತು ಬಣ್ಣದ ಡಬ್ಬಿ ಲಾಭವೆಂದು ಕಾಣುತ್ತದೆ. ಆದರೆ ಒಂದು ಸಲ ಕೆನ್ನೆಗೆ ಹಿಡಿಯುವ ಪುಡಿ ಕೆಲವೇ ಮಿಲಿಗ್ರಾಂ. ನಾಲ್ಕು ಗ್ರಾಮಿನ ಒಂದೇ ಬಣ್ಣವನ್ನು ಮುಗಿಸುವುದೇ ಕಷ್ಟ. ಹಬ್ಬ, ಮದುವೆಗಳಿಗಷ್ಟೇ ಹಚ್ಚುವವರಿಗೆ ಅವಧಿ ಮುಗಿದರೂ ಡಬ್ಬಿ ಮುಗಿಯುವುದಿಲ್ಲ. ಇಪ್ಪತ್ತರಲ್ಲಿ ಹದಿನೆಂಟು ಬಣ್ಣ ಹಾಗೆಯೇ ಕೆಡುತ್ತವೆ. ಅಲರ್ಜಿಯಾದರೆ ಯಾವ ಬಣ್ಣದಿಂದ ಎಂದು ಹೇಳುವುದೂ ಆಗದು.

ಬಣ್ಣದ ಆಯ್ಕೆಯಲ್ಲಿ ನನ್ನ ಅಧಿಕಾರ ಅಷ್ಟಕ್ಕಷ್ಟೇ. ಆದರೆ ಇಷ್ಟು ಹೇಳಬಲ್ಲೆ: ಜಾಹೀರಾತಿನ ಬಿಳಿ ಹುಡುಗಿಯ ಕೆನ್ನೆಗೆ ಒಪ್ಪುವ ತಿಳಿಗುಲಾಬಿ ನಮ್ಮ ಗೋಧಿ ಬಣ್ಣದ ಮೇಲೆ ಬೂದಿ ಬಳಿದಂತೆ ಕಾಣುತ್ತದೆ. ಇಟ್ಟಿಗೆ ಕೆಂಪು, ದಾಳಿಂಬೆ, ನೇರಳೆ ಹಣ್ಣಿನ ಛಾಯೆಗಳು ನಮಗೆ ಹೊಂದುತ್ತವೆ. ಇಟ್ಟಿಗೆ ಕೆಂಪಿನಂಥ ಮಂದ ಬಣ್ಣಗಳಲ್ಲಿ ಕಬ್ಬಿಣದ ಆಕ್ಸೈಡಿನದೇ ಪಾಲು ಹೆಚ್ಚು ಎಂಬುದು ವೈದ್ಯನಾದ ನನಗೆ ಇನ್ನೊಂದು ಸಮಾಧಾನ. ಮುಖದ ಮೇಲೆ ಮೊಡವೆ, ಜಿಡ್ಡು ಇರುವವರು ಪುಡಿಯ ಬಣ್ಣ ಕೊಳ್ಳಲಿ. ಎಣ್ಣೆಯಂಶದ ಕ್ರೀಂ ಬಣ್ಣ ರಂಧ್ರಗಳನ್ನು ಮುಚ್ಚಿ ಮೊಡವೆ ಹೆಚ್ಚಿಸಬಹುದು. ಚಳಿಗಾಲದಲ್ಲಿ ಕೆನ್ನೆ ಒಡೆಯುವವರಿಗೆ ಕ್ರೀಮೇ ಲೇಸು.

ಕೈಯಲ್ಲಿ ದುಡ್ಡು ಇನ್ನೂ ಕಡಿಮೆಯಿದ್ದರೆ ಒಂದು ಒಳ್ಳೆಯ ಲಿಪ್‌ಸ್ಟಿಕ್ ಸಾಕು. ಬೆರಳ ತುದಿಯಿಂದ ಎರಡು ಚುಕ್ಕೆ ಕೆನ್ನೆಗಿಟ್ಟು ಹರಡಿದರೆ ಅದೇ ಬ್ಲಶ್. ಆದರೆ ಅದನ್ನು ಕಣ್ಣಿನ ರೆಪ್ಪೆಯ ಮೇಲೆ ಹಚ್ಚಬೇಡಿ. ತುಟಿಗೆ ಒಪ್ಪಿತವಾದ ಕೆಲವು ಕೆಂಪು ಬಣ್ಣಗಳು ಕಣ್ಣಿನ ಸುತ್ತಲಿನ ತೆಳು ಚರ್ಮಕ್ಕೆ ತಕ್ಕವಲ್ಲ.

ಹಚ್ಚಿ ನೋಡುವ ಕ್ರಮ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ನಿಶ್ಚಯದ ದಿನ ಏನೂ ಮಾಡದ ಬಣ್ಣ ಹದಿನೈದು ದಿನದ ಮೇಲೆ ಏಕೆ ಮುನಿಯಿತು? ಅಲರ್ಜಿ ಎನ್ನುವುದು ಮೊದಲ ಭೇಟಿಯಲ್ಲೇ ಆಗುವಂಥದಲ್ಲ. ಹೊಸ ವಸ್ತು ಮೈಗೆ ತಗಲಿದಾಗ ದೇಹದ ರಕ್ಷಣಾ ವ್ಯವಸ್ಥೆ ಅದರ ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಆ ಸಿದ್ಧತೆಗೆ ಹತ್ತು-ಹದಿನಾಲ್ಕು ದಿನ ಬೇಕು. ಮುಂದಿನ ಸಲ ಅದೇ ವಸ್ತು ಬಂದಾಗ ಒಂದೆರಡು ದಿನದೊಳಗೆ ಚರ್ಮ ಜಗಳಕ್ಕೆ ನಿಲ್ಲುತ್ತದೆ. ಹಚ್ಚಿದ ಕೂಡಲೇ ಚುರುಗುಟ್ಟುವುದು ಬೇರೆ. ಅದು ವಸ್ತುವಿನ ತೀಕ್ಷ್ಣತೆಯಿಂದಾಗುವ ಉರಿ. ಆದ್ದರಿಂದ ಅಂಗಡಿಯಲ್ಲಿ ಕೈಯ ಮೇಲೆ ಒಂದು ಗೆರೆ ಎಳೆದು, ಏನೂ ಆಗಲಿಲ್ಲವೆಂದು ಕೊಂಡು ಬರುವುದು ಪರೀಕ್ಷೆಯೇ ಅಲ್ಲ. ಆ ಗೆರೆಯಿಂದ ಬಣ್ಣ ಹೊಂದುತ್ತದೆಯೇ ಎಂದಷ್ಟೇ ಗೊತ್ತಾಗುತ್ತದೆ.

ಮನೆಯಲ್ಲಿ ಹೀಗೆ ಮಾಡಿ. ಮೊಣಕೈ ಮಡಚುವ ಜಾಗಕ್ಕಿಂತ ಸ್ವಲ್ಪ ಕೆಳಗೆ, ಮುಂಗೈಯ ಒಳಭಾಗದಲ್ಲಿ ನಾಣ್ಯದಗಲ ಜಾಗಕ್ಕೆ ಬಣ್ಣವನ್ನು ಬೆಳಿಗ್ಗೆ, ಸಂಜೆ ಹಚ್ಚಿ. ಒಂದು ದಿನಕ್ಕೆ ಬಿಡಬೇಡಿ, ಪೂರ್ತಿ ಏಳು ದಿನ ಹಚ್ಚಿ. ಸ್ನಾನದಲ್ಲಿ ಹೋದರೆ ಮತ್ತೆ ಹಚ್ಚಿ. ಕೆಂಪು, ತುರಿಕೆ, ಸಣ್ಣ ಗುಳ್ಳೆ, ಒರಟುತನ ಯಾವುದು ಕಂಡರೂ ಆ ಡಬ್ಬಿ ನಿಮ್ಮದಲ್ಲ. ಏನೂ ಆಗದಿದ್ದರೆ ಮತ್ತೆರಡು ದಿನ ದವಡೆಯ ಅಂಚಿಗೆ, ಕಿವಿಯ ಕೆಳಗೆ ಹಚ್ಚಿ ನೋಡಿ ಕೆನ್ನೆಗೆ ಬನ್ನಿ. ಮೊದಲ ಸಲವೇ ಬಳಸುವ ವಸ್ತುವಾದರೆ ಈ ಏಳು ದಿನದ ನಂತರ ಒಂದು ವಾರ ಬಿಟ್ಟು ಮತ್ತೆ ಮೂರು ದಿನ ಮುಂಗೈಗೆ ಹಚ್ಚುವುದು ಇನ್ನೂ ಭದ್ರ. ಹೊಸದನ್ನು ಒಂದು ಸಲಕ್ಕೆ ಒಂದೇ ಆರಂಭಿಸಿ. ಬ್ಲಶ್, ಫೌಂಡೇಶನ್, ಕಾಜಲ್ ಮೂರನ್ನೂ ಒಂದೇ ದಿನ ಹಚ್ಚಿ ಮುಖ ಊದಿದರೆ ಅಪರಾಧಿ ಯಾರೆಂದು ದೇವರೇ ಹೇಳಬೇಕು.

ಅಂಗಡಿಯಲ್ಲಿ ‘ಹಚ್ಚಿ ನೋಡ್ರಿ’ ಎಂದು ಇಟ್ಟಿರುವ ತೆರೆದ ಡಬ್ಬಿಯನ್ನು ಕೈಗೆ ಹಚ್ಚಿಕೊಳ್ಳಿ, ತುಟಿಗೆ, ಕಣ್ಣಿಗೆ ಬೇಡ. ತುಟಿಯ ಹುಣ್ಣಿನ ವೈರಸ್, ಕಣ್ಣಿನ ಸೋಂಕು ಹೀಗೆ ಹರಡಬಲ್ಲವು. ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಂಗಸರು ಬಳಸುತ್ತಿದ್ದ ಪ್ರಸಾಧನಗಳಲ್ಲಿ ಹತ್ತರಲ್ಲಿ ಒಂಬತ್ತರವರೆಗೆ ರೋಗಾಣುಗಳಿದ್ದವು. ಎಲ್ಲಕ್ಕಿಂತ ಹೊಲಸಾಗಿದ್ದುದು ಬಣ್ಣ ಹರಡುವ ಸ್ಪಂಜು. ಅವುಗಳಲ್ಲಿ ನೂರಕ್ಕೆ 93 ಒಮ್ಮೆಯೂ ತೊಳೆಯದವು. ನಮ್ಮಲ್ಲಿ ಒಂದೇ ಸ್ಪಂಜು ಅಕ್ಕ, ತಂಗಿ, ನಾದಿನಿ ಎಲ್ಲರ ಮುಖ ಸುತ್ತುತ್ತದೆ. ಡಬ್ಬಿ ಒಂದೇ ಇರಲಿ, ಬ್ರಶ್ಶು ಅವರವರದು ಬೇರೆ ಇರಲಿ. ವಾರಕ್ಕೊಮ್ಮೆ ಶಾಂಪೂ ಹಾಕಿ ತೊಳೆದು ಗಾಳಿಗೆ ಒಣಗಿಸಿ. ಕಾಜಲ್, ಮಸ್ಕಾರಾ, ಲಿಪ್‌ಸ್ಟಿಕ್ ಮಾತ್ರ ಯಾರೊಂದಿಗೂ ಹಂಚಿಕೊಳ್ಳುವಂಥದಲ್ಲ. ತೆರೆದ ಮಸ್ಕಾರಾ ನಾಲ್ಕಾರು ತಿಂಗಳಿಗೆ ಕೆಡುತ್ತದೆ. ಪುಡಿ ಬಣ್ಣ ತೇವ ತಾಗದಿದ್ದರೆ ಎರಡು ವರ್ಷದವರೆಗೂ ಬಾಳುತ್ತದೆ.

ರಾತ್ರಿ ಬಣ್ಣ ತೆಗೆಯದೆ ಮಲಗಬಾರದು. ಅದಕ್ಕಾಗಿ ಬೇರೆ ಸೀಸೆ ಕೊಳ್ಳಬೇಕಿಲ್ಲ. ಆಟದವರಂತೆ ಅಂಗೈಯಲ್ಲಿ ಸ್ವಲ್ಪ ಕೊಬ್ಬರಿ ಎಣ್ಣೆ ತೆಗೆದುಕೊಂಡು ಮೆತ್ತಗೆ ತಿಕ್ಕಿ, ಹತ್ತಿ ಅಥವಾ ಹಳೆಯ ಮೆದು ಬಟ್ಟೆಯಿಂದ ಒರೆಸಿ, ಸಾಬೂನಿನಿಂದ ತೊಳೆದರೆ ಸಾಕು. ಮೊಡವೆಯವರು ಎಣ್ಣೆಯ ಅಂಶ ಉಳಿಯದಂತೆ ಎರಡು ಸಲ ತೊಳೆಯಲಿ.

ಎರಡು ಬೇರೆ ಡಬ್ಬಿಗಳು

ಬಣ್ಣವಲ್ಲದಿದ್ದರೂ ಬಣ್ಣದ ಜೊತೆಗೇ ಮನೆಗೆ ಬರುವ ಎರಡನ್ನು ಹೇಳದಿದ್ದರೆ ಈ ಲೇಖನ ಅರ್ಧವಾಗುತ್ತದೆ. ಒಂದು, ಔಷಧ ಅಂಗಡಿಯಿಂದ ಚೀಟಿಯಿಲ್ಲದೆ ತಂದು ಮೇಕಪ್ಪಿನ ಕೆಳಗೆ ಹಚ್ಚುವ ಸ್ಟಿರಾಯ್ಡ್ ಮುಲಾಮು. ಮೊದಲ ತಿಂಗಳು ಮುಖ ತಿಳಿಯಾಗಿ, ಕೆನ್ನೆ ನಸುಗೆಂಪಾಗಿ ‘ಬ್ಲಶ್ ಬೇಕಾಗೇ ಇಲ್ಲ’ ಎನಿಸುತ್ತದೆ. ಆ ಕೆಂಪು ಆರೋಗ್ಯದ್ದಲ್ಲ. ಚರ್ಮ ತೆಳುವಾಗಿ ಒಳಗಿನ ರಕ್ತನಾಳಗಳು ಹೊರಗೆ ಕಾಣುತ್ತಿರುತ್ತವೆ. ಬಿಟ್ಟರೆ ಉರಿ, ಮೊಡವೆ, ಮೀಸೆಯಂತೆ ಕೂದಲು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿಯ ಮೇಲೆಯೇ ಮಾರಬೇಕೆಂದು ಮಾಡಿತು. ಎರಡನೆಯದು, ವಾರದಲ್ಲಿ ಬೆಳ್ಳಗೆ ಮಾಡುವ ಹೆಸರಿಲ್ಲದ ಕ್ರೀಂ. ಕೇರಳದ ಕೊಟ್ಟಕ್ಕಲ್‌ನ ಮೂತ್ರಪಿಂಡ ತಜ್ಞರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ನೋಡಿದ ಒಂದು ಬಗೆಯ ಮೂತ್ರಪಿಂಡ ರೋಗದ 22 ಜನರಲ್ಲಿ 15 ಮಂದಿಗೆ ಅಪರೂಪದ ಒಂದೇ ಜಾತಿಯ ತೊಂದರೆ ಇತ್ತು. ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಂ ಹಚ್ಚುತ್ತಿದ್ದರು. ಶಂಕೆ ಹೋದದ್ದು ಪಾದರಸದ ಮೇಲೆ. ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ತಲುಪಿತ್ತು.

ಟಿಕಳಿ ಅಂಟಿಸುವ ಜಾಗದಲ್ಲಿ ಬಿಳಿ ಮಚ್ಚೆ ಬಿದ್ದರೆ ಅದು ಅಂಟಿನ ಕೆಲಸವಿರಬಹುದು. ಆ ಅಂಟಿನಲ್ಲಿರುವ ಒಂದು ರಾಸಾಯನಿಕದಿಂದ ಚರ್ಮದ ಬಣ್ಣವೇ ಹೋಗುವುದನ್ನು 1990ರಲ್ಲಿ ನಮ್ಮ ದೇಶದ ಚರ್ಮವೈದ್ಯರೇ ತೋರಿಸಿಕೊಟ್ಟರು. ತಕ್ಷಣ ಟಿಕಳಿ ಬಿಟ್ಟು ತೋರಿಸಿಕೊಳ್ಳಿ.

ಬಣ್ಣ ಹಚ್ಚಿ ಮುಖ ಕೆರಳಿದರೆ ಸಾದಾ ನೀರಿನಿಂದ ತೊಳೆಯಿರಿ. ನಿಂಬೆ, ಅರಿಸಿನ, ಟೂತ್‌ಪೇಸ್ಟು ಏನನ್ನೂ ಹಚ್ಚಬೇಡಿ. ತಣ್ಣೀರಿನ ಬಟ್ಟೆ ಹತ್ತು ನಿಮಿಷ ಇಡಬಹುದು. ಕಣ್ಣಿನ ರೆಪ್ಪೆ, ತುಟಿ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ಕಾಯದೆ ತಾಲೂಕು ಆಸ್ಪತ್ರೆಗೆ ಹೋಗಿ. ಬರೀ ತುರಿಕೆ, ಗುಳ್ಳೆ ಇದ್ದು ಎರಡು ದಿನದಲ್ಲಿ ಇಳಿಯದಿದ್ದರೆ ಚರ್ಮವೈದ್ಯರನ್ನು ಕಾಣಿ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸರ್ಕಾರಿ ದರದಲ್ಲೇ ತೋರಿಸಿಕೊಳ್ಳಬಹುದು. ಡಬ್ಬಿಯನ್ನು ಸಿಟ್ಟಿನಿಂದ ತಿಪ್ಪೆಗೆ ಎಸೆಯದೆ ಜೊತೆಗೆ ಒಯ್ಯಿರಿ. ವೈದ್ಯರಿಗೆ ಅದೇ ಮುಖ್ಯ ಸುಳಿವು. ಪಾವತಿ ಇದ್ದರೆ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಕೊಡಲೂ ಬರುತ್ತದೆ.

ಮನೆಯಲ್ಲಿ ಮದುವೆ ಗೊತ್ತಾಗಿದ್ದರೆ ಹೊಸ ಬಣ್ಣದ ಪರೀಕ್ಷೆಯನ್ನು ಒಂದು ತಿಂಗಳು ಮೊದಲೇ ಮುಗಿಸಿ. ಮೇಕಪ್ ಮಾಡಲು ಹೊರಗಿನಿಂದ ಯಾರಾದರೂ ಬರುವುದಿದ್ದರೆ ಅವರು ಬಳಸುವ ಬಣ್ಣ ಯಾವುದೆಂದು ಕೇಳಿ, ಅದನ್ನೇ ಮುಂಗೈಗೆ ಹಚ್ಚಿಸಿಕೊಳ್ಳಿ. ಕೊನೆಯ ಹತ್ತು ದಿನ ಮುಖಕ್ಕೆ ಯಾವ ಹೊಸದೂ ಬೇಡ. ಅತ್ತೆಯ ಮನೆಯವರು ಪ್ರೀತಿಯಿಂದ ಕಳಿಸಿದ ಡಬ್ಬಿಯೂ ಮದುವೆ ಮುಗಿಯುವವರೆಗೆ ಟ್ರಂಕಿನಲ್ಲೇ ಇರಲಿ.